ಮರುಹೂಡಿಕೆಗೆ ಗುರುತು ಹಾಕಿದ ಮೇಲೆ

ಆಗಸ್ಟ್ 4, ಸೋಮವಾರ

ಇವತ್ತೂ ಒಂಬತ್ತು ಫೋನ್. ಏಳು ಜನಕ್ಕೆ ನನ್ನ ದನಿಯೇ ಕೇಳಿಸಲಿಲ್ಲವಂತೆ. ಎಂ.ಎ. ಕನ್ನಡಕ್ಕೆ ಜಗಳೂರಲ್ಲಿ ಸಿಕ್ಕಿದ್ದು ಇದು — ಮ್ಯೂಚುವಲ್ ಫಂಡ್ ಏಜೆಂಟರ ಆಫೀಸು. ರೇಣುಕಪ್ರಸಾದ್ ಸರ್ ಹೊಸ ಟಾರ್ಗೆಟ್ ಕೊಟ್ಟಿದ್ದಾರೆ. ಡಿವಿಡೆಂಡನ್ನು ಕೈಗೆ ತೆಗೆದುಕೊಳ್ಳುವವರನ್ನೆಲ್ಲ ಮರುಹೂಡಿಕೆಗೆ ಒಪ್ಪಿಸಬೇಕು.

"ಹಿಂಗೆ ಪಿಸುಗುಟ್ಟಿದ್ರೆ ಯಾರಮ್ಮ ಒಪ್ತಾರೆ? ಪದ್ಯ ಓದಾಕೆ ಕೂತಂಗೈತೆ," ಎಂದರು.

ಆಗಸ್ಟ್ 7

ಸೊಕ್ಕೆಯ ಲಕ್ಷ್ಮಕ್ಕ ಬಂದಿದ್ದರು. ಮಗ ವೆಂಕಟೇಶ್ ಅಪಘಾತದಲ್ಲಿ ತೀರಿಕೊಂಡ. ಪರಿಹಾರದಲ್ಲಿ ಲಕ್ಷ್ಮಕ್ಕನ ಪಾಲು ನಮ್ಮ ಫಂಡಿನಲ್ಲಿದೆ. ನಾಮಿನಿ ಮೊಮ್ಮಗಳು ಚೈತ್ರಶ್ರೀ, ಏಳು ವರ್ಷ. ತನ್ನ ತಾಯಿ, ಲಕ್ಷ್ಮಕ್ಕನ ಸೊಸೆಯ ಜೊತೆ ನ್ಯಾಮತಿಯಲ್ಲಿದ್ದಾಳೆ. ಮೂರು ತಿಂಗಳಿಗೊಮ್ಮೆ ಬರುವ ಡಿವಿಡೆಂಡು ಅವಳಿಗೇ ಹೋಗುತ್ತದಂತೆ.

ಧೈರ್ಯ ಮಾಡಿ ಹೇಳಿದೆ — ಅದು ಫಂಡಿನಲ್ಲೇ ಉಳಿದರೆ ಯೂನಿಟ್ ಹೆಚ್ಚುತ್ತವೆ, ಹೆಚ್ಚಿದವೂ ಗಳಿಸುತ್ತವೆ. ಮಾರ್ಕೆಟ್ ಬಿದ್ದರೆ ಬೀಳುತ್ತದೆ, ಆದರೆ ಅವಳಿಗೆ ಹದಿನೆಂಟಾಗಲು ಹನ್ನೊಂದು ವರ್ಷವಿದೆ...

"ಹೆಣ್ಣು ಕುರಿಮರಿ ಮಾರ್ಬಾರ್ದು, ಹಿಂಡಿನಾಗೇ ಬಿಡ್ಬೇಕು ಅಂತೀಯ. ಅಷ್ಟು ಹೇಳಾಕೆ ಇಷ್ಟೊತ್ತೇನವ್ವ?"

ಸಹಿ ಹಾಕಿದರು. 'ಕ್ಷ್ಮ' ಬರೆಯಲು ಬಹಳ ಹೊತ್ತು ಹಿಡಿಯಿತು. ನನ್ನ ಮೊದಲ ಕೇಸು. ಸರ್ ಟೀ ತರಿಸಿದರು.

ನವೆಂಬರ್ 10

ಲಕ್ಷ್ಮಕ್ಕ. ದುಡ್ಡು ಜಮೆಯಾದ ಮೆಸೇಜ್ ಬಂದಿಲ್ಲವೆಂದು ಬಂದಿದ್ದರು. ಈ ಸಲದ ಡಿವಿಡೆಂಡು ಯೂನಿಟ್ ಆಗಿದೆ ಎಂದೆ.

"ಗೊತ್ತೈತೆ ಬಿಡು." ಏಳಲಿಲ್ಲ. "ಈಗ ನ್ಯಾಮತಿಗೆ ಏನು ಹಿಡ್ಕಂಡು ಹೋಗ್ಲಿ?"

ಆಗ ತಿಳಿಯಿತು. ದುಡ್ಡು ಕೊಡಲು ಹೋದರೆ ಸೊಸೆ ಒಳಗೆ ಕರೆಯುತ್ತಾಳೆ. ಒಂದು ರಾತ್ರಿ ಉಳಿಯಬಹುದು. ಬೆಳಿಗ್ಗೆ ಮಗುವಿನ ತಲೆ ಬಾಚಬಹುದು. ಸುಮ್ಮನೆ ಹೋದರೆ — "ಏನಾದ್ರೂ ಕೆಲ್ಸ ಇತ್ತಾ ಅಂತಾಳೆ."

ದುಡ್ಡನ್ನು ಹೇಗೆ ತಲುಪಿಸುತ್ತೀರಿ ಎಂದು ನಾನು ಕೇಳಿಯೇ ಇರಲಿಲ್ಲ. ಒಂದು ಪ್ರಶ್ನೆ ಸಾಕಿತ್ತು.

ಮೊದಲಿನಂತೆ ಬದಲಿಸೋಣ ಎಂದೆ.

"ಬ್ಯಾಡ. ಮುಂದೆ ಅದ್ರ ಓದಿಗೆ ಬೇಕು. ನನ್ನ ಆಸೆಗೆ ಮಗೀದು ಯಾಕೆ ಕೆಡಿಸ್ಲಿ? ಎಷ್ಟು ಬೆಳೆದೈತೆ ಅಂತ ಒಂದು ಕಾಗದ ಕೊಡು. ಅದನ್ನೇ ತೋರಿಸ್ತೀನಿ."

ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದೆ. ಕಲರ್‌ನಲ್ಲಿ. ಸರ್ ಬೈದರು.

ನವೆಂಬರ್ 13, ಸಂಜೆ

ದಾವಣಗೆರೆ, ಹೊನ್ನಾಳಿ, ನ್ಯಾಮತಿ — ಮೂರು ಬಸ್ಸು ಬದಲಿಸಿ ಹೋಗಿದ್ದರು ಲಕ್ಷ್ಮಕ್ಕ. ನಿನ್ನೆ ಹೋಗಿ ನಿನ್ನೆಯೇ ವಾಪಸ್.

ಸೊಸೆ ಬಾಗಿಲಲ್ಲೇ ಕಾಗದ ನೋಡಿದಳಂತೆ. ಕೆಟ್ಟದಾಗೇನೂ ಮಾತಾಡಲಿಲ್ಲವಂತೆ. "ಒಳ್ಳೇದಾತು ಬಿಡ್ರಿ ಅತ್ತೆ. ಮುಂದಿನ ಸಲ ವಾಟ್ಸಾಪಿಗೆ ಹಾಕ್ಸಿಬಿಡ್ರಿ. ಈ ವಯಸ್ಸಲ್ಲಿ ಇಷ್ಟು ದೂರ ಯಾಕೆ?"

ಮಗು ಶಾಲೆಗೆ ಹೋಗಿತ್ತು.

ಸೊಸೆಯ ನಂಬರಿದ್ದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ನೀರು ಕೊಟ್ಟೆ. ಕುಡಿಯಲಿಲ್ಲ.

ಫೆಬ್ರವರಿ 12, ಮಧ್ಯಾಹ್ನ

ಮತ್ತೆ ಡಿವಿಡೆಂಡು. ಯೂನಿಟ್ ಇನ್ನಷ್ಟು ಹೆಚ್ಚಿವೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಿಲ್ಲ.

ಲಕ್ಷ್ಮಕ್ಕ ಬರಲಿಲ್ಲ. ಸ್ಟೇಟ್‌ಮೆಂಟನ್ನು ಸೊಸೆಗೆ ವಾಟ್ಸಾಪ್ ಮಾಡಿದೆ. ನೋಡಿದಳು. ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಸರ್ ಊಟಕ್ಕೆ ಹೋಗಿದ್ದಾರೆ. ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ — "ಚೈತ್ರಶ್ರೀಯನ್ನು ನೋಡಲು ಅಜ್ಜಿ ಸುಮ್ಮನೆ ಒಮ್ಮೆ ಬರಬಹುದಾ?"

ಕಳಿಸಿಬಿಟ್ಟೆ. ನೀಲಿ ಟಿಕ್ ಬಂತು, ಓದಿದಳು. ಅವಳು ಏನೋ ಟೈಪ್ ಮಾಡುತ್ತಿದ್ದಾಳೆ... ನಿಂತಿತು. ಈಗ ಮತ್ತೆ —