ಚೌಕ ಶೀಟಿನ ಬಾಣ

ಮಾರ್ಚ್ 3, ಬೆಳಿಗ್ಗೆ 8

ಉಕ್ಕಿನ ತಗಡು ಕತ್ತರಿಸಿ ಮಡಚುವ ಈ ಪ್ರೆಸ್ ಶಾಪಿನ ಯಜಮಾನಿ ನಾನು. ಓದಿದ್ದು ಹೈಸ್ಕೂಲು. ಯಜಮಾನರು ತೀರಿಹೋದ ಮೇಲೆ ಇಪ್ಪತ್ತಾರು ವರ್ಷ ನಾನೇ ನಡೆಸಿದ್ದೇನೆ. ನನ್ನ ಸೀಮೆಸುಣ್ಣದ ಬಾಣ ಬೀಳದೆ ಒಂದು ಶೀಟೂ ಕತ್ತರಿಗೆ ಹೋಗಿಲ್ಲ.

ಮಿಲ್ಲಿನ ಉರುಳೆಗಳ ನಡುವೆ ಶೀಟು ಯಾವ ಕಡೆಗೆ ಓಡಿತೋ ಆ ಕಡೆಗೆ ಅದಕ್ಕೊಂದು ಎಳೆ. ಎಳೆಗೆ ಅಡ್ಡವಾಗಿ ಮಡಚಿದರೆ ತಾಳುತ್ತದೆ. ಎಳೆಯುದ್ದಕ್ಕೇ ಮಡಚಿದರೆ ಮಡಿಕೆಯಲ್ಲಿ ಸೀಳುತ್ತದೆ. ಎಳೆ ಯಾವ ಕಡೆಗೆ ಎಂದು ತೋರಿಸಲಿಕ್ಕೇ ಬಾಣ.

ಇವತ್ತು ಹನ್ನೆರಡು ಶೀಟು. ಹೊಸ ಮಾಲು, ಚೌಕ. ಉದ್ದ ಬದಿ ನೋಡಿ ಎಳೆ ಹೇಳುವ ಹಾಗಿಲ್ಲ. ಬೆಳಕಿಗೆ ಓರೆ ಹಿಡಿದು ಗೆರೆ ಹುಡುಕಬೇಕು. ಹುಡುಕಿದೆ... ಹಾಕಿದೆ.

ಮಾರ್ಚ್ 5

ಈ ಮಾಲಿನಿಂದ ಮಾಡಬೇಕಾದ್ದು ಗಾಲಿಕುರ್ಚಿಯಲ್ಲಿ ಕಾಲೂರುವ ಹಲಗೆಯನ್ನು ಹಿಡಿಯುವ ಬ್ರಾಕೆಟ್. ಚಿಕ್ಕ ಸೊಸೆ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದ್ದಾಳೆ. ಬಾಗಿದ ತಗಡು ಎಷ್ಟು ಬಾಗಿದಂತೆಯೇ ಉಳಿಯುತ್ತದೆ, ಒಳಗೆ ಕಾಣದ ತೂತುಗಳು ಹುಟ್ಟಿ ಎಲ್ಲಿ ಕೂಡಿಕೊಂಡು ಬಿರುಕಾಗುತ್ತವೆ — ಎಲ್ಲ ಬಣ್ಣದಲ್ಲಿ. ತಗಡು ಎಷ್ಟು ತಾಳುತ್ತದೆಂದು ಎಳೆದು ನೋಡಲು ಮೂರು ದಿಕ್ಕಿನ ಪಟ್ಟಿ ಬೇಕೆಂದಳು: ಉದ್ದ, ಅಡ್ಡ, ಓರೆ. ಹೊಸದನ್ನು ಮುಟ್ಟಬೇಡ ಎಂದೆ. ಉಳಿದಿದ್ದ ಹಳೆಯ ಉದ್ದ ಶೀಟು ಕೊಟ್ಟೆ. ಅದೇ ಮಿಲ್ಲು, ಅದೇ ದಪ್ಪ.

ಸಂಜೆ ಬಂದು, ಮಡಿಕೆಯೆಲ್ಲ ಹಸಿರು, ತಾಳುತ್ತದೆ ಎಂದಳು. ನನ್ನ ಬಾಣವಿದ್ದ ಮೇಲೆ ತಾಳದೆ ಇರುತ್ತದೆಯೇ.

ಮಾರ್ಚ್ 9

ಕುರ್ಚಿ ಕಂಪನಿಯ ಇನ್ಸ್‌ಪೆಕ್ಟರ್ ಬಂದಿದ್ದ. ಹತ್ತು ಬ್ರಾಕೆಟ್ಟಿಗೆ ಭಾರ ಹೇರಿ ಇಳಿಸಿ ನೋಡಿದ. ಆರು ಮಡಿಕೆಯಲ್ಲೇ ಬಾಯಿ ಬಿಟ್ಟವು.

ದೊಡ್ಡ ಮಗ ಎಲ್ಲರೆದುರು ಚಿಕ್ಕ ಸೊಸೆಯನ್ನು ಕೇಳಿದ — "ನಿನ್ನ ಹಸಿರು ಎಲ್ಲಮ್ಮಾ ಹೋಯ್ತು?" ಪ್ರೆಸ್ಸಿನವನು, ಕಂಪ್ಯೂಟರಮ್ಮನ ತಗಡು ಬೇರೆ, ನಮ್ಮ ತಗಡು ಬೇರೆ ಎಂದ. ನಕ್ಕರು. ಕೈಗೆ ಗ್ರೀಸು ಹತ್ತದವರಿಗೆ ಕಬ್ಬಿಣದ ಮಾತೇಕೆ ಎಂದು ನಾನೂ ಸೇರಿಸಿದೆ. ಅವಳು ತುಂಡುಗಳನ್ನು ಆಯ್ದುಕೊಂಡು ಹೋದಳು.

ಮಾರ್ಚ್ 10

ದೊಡ್ಡವನು ಕಂಪನಿಗೆ ಪತ್ರ ಬರೆದು ತಂದ. ತಪ್ಪು ಚಿಕ್ಕ ಸೊಸೆಯ ಮಾಡೆಲಿನದು, ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದು. ಹೆಸರು ಸಮೇತ. ಆ ಪತ್ರ ಹೋದರೆ ಈ ಕಸುಬಿನಲ್ಲಿ ಅವಳನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಸೋಮವಾರ ಸಹಿ ಹಾಕುತ್ತೇನೆ ಎಂದೆ.

ಮಾರ್ಚ್ 14, ಮಧ್ಯಾಹ್ನ 3

ಲ್ಯಾಪ್‌ಟಾಪ್ ಹಿಡಿದು ನನ್ನ ಕೋಣೆಗೆ ಬಂದಳು. ಬಾಣ ತಪ್ಪಿದ್ದರೆ ಆಗುವ ಹಾಗೆ, ಮಾಡೆಲಿನಲ್ಲಿ ಎಳೆಯನ್ನು ಮಡಿಕೆಯುದ್ದಕ್ಕೆ ತಿರುಗಿಸಿದ್ದಳಂತೆ. ಮಡಿಕೆಯ ಹೊರಮೈಯಲ್ಲಿ ಕೆಂಪು, ಬೋಲ್ಟಿನ ತೂತಿನ ಅಂಚಿನಿಂದ ಶುರು. ಪಕ್ಕದಲ್ಲಿ ಮುರಿದ ತುಂಡು ಇಟ್ಟಳು. ಅದೇ ಜಾಗ, ಅದೇ ಓರೆ.

"ಅತ್ತೆ, ಬಾಣ ಹಾಕೋವಾಗ ಗೆರೆ ಕಾಣಿಸ್ತಿತ್ತಾ?"

"ಇಪ್ಪತ್ತಾರು ವರ್ಷದಿಂದ ಕಂಡಿದೆ."

"ಈ ಸಲ?"

ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಹೋದ ವರ್ಷದಿಂದ ಬೀರುವಿನಲ್ಲಿದೆ, ಸೀರೆಗಳ ಅಡಿಯಲ್ಲಿ.

"ನಾನು ಯಾರಿಗೂ ಹೇಳಲ್ಲ. ನಮ್ಮನೆಯವರಿಗೂ ಹೇಳಿಲ್ಲ. ಸಹಿ ಹಾಕೋ ಮುಂಚೆ ನಿಮಗೆ ಗೊತ್ತಿರಲಿ ಅಂತ ಅಷ್ಟೇ."

ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅದಕ್ಕೂ ಜಾಗ ಕೊಡಲಿಲ್ಲ.

ಮಾರ್ಚ್ 16, ಬೆಳಿಗ್ಗೆ 10

ಪತ್ರ ಹರಿದೆ. ಇನ್ಸ್‌ಪೆಕ್ಟರಿಗೆ ನಾನೇ ಫೋನು ಮಾಡಿ, ಮಾಡೆಲ್ ಸರಿಯಿತ್ತು, ಬಾಣ ತಪ್ಪಿತ್ತು, ಬಾಣ ನನ್ನದು ಎಂದೆ. ಆಮೇಲೆ ಶಾಪಿನವರನ್ನೆಲ್ಲ ನಿಲ್ಲಿಸಿ ಅದನ್ನೇ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ದೊಡ್ಡವನು ನೆಲ ನೋಡಿದ. ಮಡಚಿದ್ದ ಬ್ರಾಕೆಟ್ಟುಗಳನ್ನೆಲ್ಲ, ಒಂದೂ ಕುರ್ಚಿಗೆ ಹೋಗದ ಹಾಗೆ, ಪ್ರೆಸ್ಸಿನಡಿ ಚಪ್ಪಟೆ ಮಾಡಿಸಿದೆ.

ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಬೇಡ ಎನ್ನಲಿಲ್ಲ, ಕಾಲಿಗೂ ಬೀಳಲಿಲ್ಲ. ಒದ್ದೆ ಬಟ್ಟೆ ತಂದು, ಕತ್ತರಿಸದೆ ಉಳಿದಿದ್ದ ಐದು ಶೀಟಿನ ಬಾಣಗಳನ್ನೂ ಒರೆಸಿದಳು. ಬೆಳಕಿಗೆ ಓರೆ ಹಿಡಿದು ಹೊಸದಾಗಿ ಹಾಕತೊಡಗಿದಳು. ನನ್ನ ಐದರಲ್ಲಿ ಎಷ್ಟು ಸರಿಯಿದ್ದವು ಎಂದು ಕೇಳಬೇಕೆನಿಸಿತು. ಕೇಳದೆ ಹೊರಬಂದೆ. ಬೆರಳಲ್ಲಿ ಇನ್ನೂ ಸುಣ್ಣದ ಪುಡಿ...