ಓಆಪಿಯ ಕರುವನ್ನು ನಾನು ತೋರಿಸುವುದಿಲ್ಲ

ಅಬೇಲಿ ಅಣ್ಣನಿಗೆ, ಹೊಳೆಯ ಈಚೆ ದಡದಿಂದ ತಂಗಿ ತಾಬು ಬರೆಯುವುದು.

ಉಪ್ಪು ಮಾರುವವನ ಬಾಯಲ್ಲಿ ನೀನು ಹೇಳಿ ಕಳಿಸಿದ ಮಾತು ಮುಟ್ಟಿತು. "ಜಾಗ ಖಾಲಿ ಮಾಡು ಅಂತ ನನ್ ತಂಗಿಗೆ ಹೇಳಪ್ಪ. ಮುಂದಿನ ಸಲ ಅವ್ರನ್ನ ತಡೆಯೋಕೆ ನನ್ ಕೈಲಾಗಲ್ಲ." ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಖಾಲಿ ಮಾಡುವುದಿಲ್ಲ. ಈ ಕಾಗದ ಓದಿದ ಮೇಲೆ ಬೆಂಕಿಗೆ ಹಾಕು. ಬೇರೆಯವರ ಕೈಗೆ ಸಿಕ್ಕರೆ ನಿನ್ನ ಜೀವಕ್ಕೇ ಕುತ್ತು.

ಜೇನಿನ ಕಾಲದಲ್ಲಿ ನೀನು ಚಿನ್ನ ಅಗೆಯುವ ಗುಂಡಿಯ ಬಂದೂಕಿನವರನ್ನು ಕರೆದುಕೊಂಡು ನಮ್ಮ ಬೀಡಿಗೆ ಬಂದೆ. ಎಷ್ಟೋ ವರ್ಷದ ಮೇಲೆ ಬಂದ ಅಣ್ಣನೆಂದು ನಾನು ಬಾಳೆಕಾಯಿ ಸುಡಲು ಎದ್ದೆ. ನೀನು ಕೂರಲೇ ಇಲ್ಲ. ಅವರ ಮುಂದಾಳು, ನಿನ್ನ ಯಜಮಾನನಿಗೆ ಓಆಪಿಯ ಚರ್ಮ ಬೇಕಿತ್ತು, ಪಟ್ಟಣದವರು ಜಿರಾಫೆಯ ನೆಂಟ, ಓಕಾಪಿ ಎನ್ನುವ ನಮ್ಮ ಓಆಪಿಯದು. ಕರು ಸಿಕ್ಕರೆ ತಾಯಿ ತಾನಾಗಿ ಬರುತ್ತಾಳೆಂದು ಅವನಿಗೆ ಹೇಳಿಕೊಟ್ಟವನೂ ನೀನೇ. "ಗುಡಿಸಲಿಗೆ ಎಲೆ ಕೊಯ್ಯೋಳು ನೀನು. ಕರು ಎಲ್ಲಿ ಮಲಗಿದೆ ಅಂತ ನಿಂಗೆ ಗೊತ್ತಿರತ್ತೆ. ತೋರ್ಸು ತಾಬು" ಎಂದು ನೀನು ಕೇಳಿದೆ.

ಗೊತ್ತಿತ್ತು. ಹಿಂದಿನ ದಿನವಷ್ಟೇ ಎಲೆ ಕೊಯ್ಯುತ್ತಾ ಅದನ್ನು ತುಳಿಯುವುದರಲ್ಲಿದ್ದೆ. ಬಿದ್ದ ಮರದ ಮಗ್ಗುಲಲ್ಲಿ ಕಡುಕಂದು ಮೈ ಮುದುಡಿಕೊಂಡು ಮಲಗಿತ್ತು. ಕಾಲಿನ ಬಿಳಿ ಪಟ್ಟೆಗಳನ್ನು ಎಲೆಗಳ ನಡುವೆ ಇಳಿದ ಬಿಸಿಲೆಂದೇ ತಿಳಿದಿದ್ದೆ. ಅಷ್ಟಗಲದ ಕಿವಿಗಳಲ್ಲಿ ಒಂದೂ ಅಲುಗಲಿಲ್ಲ.

"ಗೊತ್ತು. ತೋರ್ಸಲ್ಲ" ಎಂದು ನಾನು ಹೇಳಿದೆ.

ನಿನ್ನ ಯಜಮಾನ ಬಂದೂಕಿನ ಹಿಡಿಯಿಂದ ನನ್ನ ಭುಜಕ್ಕೆ ಹೊಡೆದ. ನಮ್ಮ ಗಂಡಸರೆಲ್ಲ ಬಲೆ ಹೊತ್ತು ಬೇಟೆಗೆ ಹೋಗಿದ್ದರು. ಆಗ ಒಲೆಯ ಮುಂದಿನಿಂದ ಎದ್ದವಳು ಜಬೀಬು ಚಿಕ್ಕಮ್ಮ. "ಏನಪ್ಪಾ, ಒಂದು ಎಳೇ ಕರು ಹಿಡಿಯೋಕೆ ಇಷ್ಟು ಜನಾನಾ? ನಿಮ್ಮವ್ವ ನಿನ್ನ ಒಬ್ಳೇ ಹೆತ್ತಳೋ, ಅದಕ್ಕೂ ಬಂದೂಕಿನೋರು ಬರಬೇಕಾಯ್ತೋ?" ಹೆಂಗಸರೆಲ್ಲ ಕೈ ತಟ್ಟಿ ನಕ್ಕರು. ಆ ನಗುವನ್ನು ತಾಳಲಾರದೆ ಅವನು ನಮ್ಮ ಗುಡಿಸಲುಗಳಿಗೆ ಬೆಂಕಿ ಇಡಿಸಿದ.

ಆಮೇಲೆ ನನ್ನನ್ನೂ ಎಳೆದುಕೊಂಡು, ನಾಯಿ ಬಿಟ್ಟು ಹುಡುಕಿದಿರಿ. ನಾಯಿ ಆ ಮರದ ಪಕ್ಕದಲ್ಲೇ ಹಾದುಹೋಯಿತು, ಮೂಗೆತ್ತಲಿಲ್ಲ. ಓಆಪಿಯ ಎಳೆಗರು ವಾರಗಟ್ಟಲೆ ಸಗಣಿಯನ್ನೇ ಹಾಕುವುದಿಲ್ಲ. ಹಾಗಾಗಿಯೇ ಚಿರತೆಗೂ ಅದರ ವಾಸನೆ ಹತ್ತುವುದು ಕಷ್ಟ. ತಾಯಿ ಕರೆದರೂ ನಮ್ಮ ಕಿವಿಗೆ ಬೀಳದು. ಕಾಡಿನ ಕಾವಲು ಠಾಣೆಯವರು ಯಂತ್ರವಿಟ್ಟು ಆ ದನಿ ಹಿಡಿದರಂತೆ. ನಾಯಿ, ಬಂದೂಕು, ಅಷ್ಟು ಜೊತೆ ಕಣ್ಣು. ಯಾವುದಕ್ಕೂ ಅದು ಸಿಗಲಿಲ್ಲ.

ನಿನಗೆ ಸಿಕ್ಕಿತು. ನೀನು ಮರದ ಹತ್ತಿರ ನಿಂತು ಬಗ್ಗಿದ್ದನ್ನು ನಾನು ನೋಡಿದೆ. ನಿನ್ನ ಮುಖ ಬದಲಾದದ್ದನ್ನೂ ನೋಡಿದೆ. "ಏನಾದ್ರೂ ಕಾಣ್ತೇನೋ?" ಎಂದು ಯಜಮಾನ ಕೂಗಿದ. "ಏನಿಲ್ಲ, ಬರೀ ಎಲೆ" ಎಂದು ನೀನು ಹೇಳಿದೆ. ನನ್ನತ್ತ ತಿರುಗದೆ ಮುಂದೆ ನಡೆದೆ.

ಹಾಗಿರುವಾಗ, ತಡೆಯಲು ಕೈಲಾಗುವುದಿಲ್ಲ ಎಂದು ನನಗೆ ಹೇಳಬೇಡ. ಗುಡಿಸಲು ಸುಡುವಾಗ ನೀನು ಸುಮ್ಮನೆ ನಿಂತಿದ್ದೆ, ಅದನ್ನು ನಾನು ಮರೆತಿಲ್ಲ. ಆ ಒಂದು ಸುಳ್ಳನ್ನೂ ಮರೆಯುವುದಿಲ್ಲ.

ಸುಟ್ಟ ಜಾಗದ ಪಕ್ಕದಲ್ಲೇ ನಾವು ಹೊಸ ಎಲೆ ಹೊದಿಸಿ ಗುಡಿಸಲು ಕಟ್ಟಿದೆವು. ಕೆಲವು ವಾರಗಳ ಮೇಲೆ, ಬೆಳಿಗ್ಗೆ ನೀರಿಗೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ನಮ್ಮ ಹಳೆಯ ಗುಡಿಸಲ ಗಳುಗಳ ನಡುವೆ ತಾಯಿ ಓಆಪಿ ಕತ್ತು ಬಗ್ಗಿಸಿ, ನೀಲಿ ನಾಲಿಗೆ ಚಾಚಿ ಇದ್ದಿಲು ತಿನ್ನುತ್ತಿದ್ದಳು. ಸುಟ್ಟ ಮರದ ಇದ್ದಿಲನ್ನು ಓಆಪಿ ಹುಡುಕಿಕೊಂಡು ಬಂದು ತಿನ್ನುತ್ತದೆ, ನಿನಗೂ ಗೊತ್ತು. ಹಿಂದೆ ಕರು ನಿಂತಿತ್ತು, ಅದೇ ಕರು. ನೀವು ಸುಟ್ಟದ್ದನ್ನು ತಿಂದು ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ, ಅಣ್ಣ. ಇನ್ನು ನಾನೆಲ್ಲಿಗೆ ಹೋಗಲಿ?

ನಿನ್ನ ಯಜಮಾನ ಬರಲಿ. ಸುತ್ತಲಿನ ಬೀಡುಗಳ ಹೆಂಗಸರೆಲ್ಲ ಮಾತಾಡಿಕೊಂಡಿದ್ದೇವೆ. ಎಲೆ ಕೊಯ್ಯುವ ಯಾವ ಕೈಯೂ ಅವನಿಗೆ ದಾರಿ ತೋರುವುದಿಲ್ಲ. ಗುಡಿಸಲು ಸುಟ್ಟರೆ ಮತ್ತೆ ಕಟ್ಟುತ್ತೇವೆ. ನೀನು ಒಬ್ಬನೇ, ಬರಿಗೈಯಲ್ಲಿ ಬರುವುದಾದರೆ ಬಾ, ಕೂತು ಉಣ್ಣು. ಅವರ ಜೊತೆ ಬಂದರೆ ಮೊದಲು ನಾನೇ ಎದುರಾಗುತ್ತೇನೆ.

ಆ ಕರುವನ್ನು ಕಾದ ಕಾಡು, ಅವರ ಕಣ್ಣಿಂದ ನಿನ್ನನ್ನೂ ಕಾಯಲಿ.

ಇದ್ದಲ್ಲೇ ಇರುವ ನಿನ್ನ ತಂಗಿ,
ತಾಬು