ಅವ್ವನ ಕೋಳಿಗಳ ಉಬ್ಬಸ

ತಂಗಿ ಇಂದ್ರವ್ವಾ,

ನಿನಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಕೆಂಪು ಹುಂಜ ಬೆಳಗಿನ ಜಾವ ಸತ್ತಿತು. ಬೇಲಿಯಾಚೆ ಆಳವಾಗಿ ಗುಂಡಿ ತೋಡಿ ಹುಗಿದಿದ್ದೇನೆ. ಅವ್ವ ಬಿಟ್ಟುಹೋದ ಉಳಿದ ಕೋಳಿಗಳಾದರೂ ಬದುಕಲಿ ಎಂದು, ಔಷಧ ಕೇಳಲು ಮೊದಲ ಮೋಟಾರಿಗೆ ಗೋಕಾಕದ ದನದ ದವಾಖಾನೆಗೆ ಹೊರಟಿದ್ದೇನೆ.

ಗೊರಗೊರ ಎನ್ನುವ ಎರಡು ಹೇಂಟೆಗಳನ್ನು ಚಪ್ಪರದಡಿ ಬುಟ್ಟಿ ಮುಚ್ಚಿ ಬೇರೆ ಇಟ್ಟಿದ್ದೇನೆ. ಒಲೆಯ ಹೊಗೆಯ ಹತ್ತಿರ ತರಬೇಡ. ಮೂಗು ಕಟ್ಟಿದರೆ ಬೆಚ್ಚನೆಯ ನೀರಿನಲ್ಲಿ ಅರಿವೆ ಅದ್ದಿ ಮೆಲ್ಲಗೆ ಒರೆಸು. ಅವು ಕುಡಿದ ನೀರನ್ನು ಉಳಿದವಕ್ಕೆ ಇಡಬೇಡ. ಕೈ ತೊಳೆದುಕೊಂಡೇ ರೊಟ್ಟಿ ಮುಟ್ಟು. ಆದರೆ ಮುಟ್ಟು, ನಿನ್ನೆಯಂತೆ ಉಪವಾಸ ಕೂರಬೇಡ.

ಪಕ್ಕದ ಮನೆಯ ಗುಡ್ಡವ್ವತ್ತಿ ಬಂದು, "ಸಾಯೂದ್ರೊಳಗ ಅಂಕಲಗಿ ಸಂತ್ಯಾಗ ಮಾರಿ ಬಾರವ್ವ" ಅಂದರೆ ಒಪ್ಪಬೇಡ. ಈ ರೋಗ ಇನ್ನೊಬ್ಬರ ಹಿತ್ತಲಿಗೆ ನಮ್ಮ ಕೈಯಿಂದ ಹೋಗುವುದು ಬೇಡ. ಹಾಗೆಂದು ಅವಳ ಜತೆ ಜಗಳಕ್ಕೆ ನಿಲ್ಲಬೇಡ. ಅವ್ವ ಹಾಸಿಗೆ ಹಿಡಿದಾಗ ನಮಗೆ ಗಂಜಿ ತಂದುಕೊಟ್ಟವಳು ಅವಳೇ.

ಇನ್ನೊಂದು ಮಾತು. ನಿನ್ನೆ ಸಂಜೆ ನೀನು ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು, "ಅವ್ವನೂ ಹಿಂಗ ಉಸರಿಗೆ ಒದ್ದಾಡಿದ್ಲು, ನನ್ನ ಕೈಲೆ ಏನೂ ಮಾಡಾಕ ಆಗ್ಲಿಲ್ಲ ಅಣ್ಣಾ" ಅಂದೆ. ಅದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ದಿನ ಅವ್ವ ನನ್ನನ್ನು ಹತ್ತಿರ ಕರೆದು, "ಇಂದ್ರಿ ನನ್ನ ಹಡದವ್ವ ಆಗ್ಯಾಳ ನೋಡಪಾ, ಆಕಿನ್ನ ಚಲೋತ್ನಾಗಿ ನೋಡ್ಕೋ" ಅಂದಳು.

ನೀನು ಆಗ ಅವಳಿಗೆ ನೀರು ತರಲು ಹೋಗಿದ್ದೆ.

ನಿನ್ನ ಅಣ್ಣ
ಉದ್ದಪ್ಪ